ದಪ್ಪ ಗಾಲಿಯ ದ್ವಾದಶಿ

ನಡುಮನೆಯಲ್ಲಿ ಆ ಸೈಕಲ್ಲು ಕಾಲು ಮುದುರಿ ಮಲಗಿದ ಎಮ್ಮೆಕರುವಿನ ಹಾಗೆ ಬಿದ್ದಿತ್ತು. ಕೌಸ್ತುಭ ಅದರ ನಡುವಿನ ಚಿಲಕ ಎಳೆದು, ಕುತ್ತಿಗೆ ಎತ್ತಿ, ಸೀಟು ಮೇಲೆ ಮಾಡಿದ. ಕರು ಎದ್ದು ನಿಂತಿತು. ಸುಹಾಸಿನಿ ಚಹದ ಬಟ್ಟಲು ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದಳು.

ಕೌಸ್ತುಭ ಅವಳ ಗಂಡ ಜಯತೀರ್ಥರ ಅಣ್ಣನ ಮಗ. ಹೊಸ ಗಾಡಿಗಳನ್ನು ಅಂಗಡಿಯವರಿಂದ ಎರವಲು ತಂದು, ಒಂದಷ್ಟು ದಿನ ಓಡಿಸಿ, ದಿನನಿತ್ಯದ ಓಡಾಟಕ್ಕೆ ಅವು ಆಗುತ್ತವೆಯೋ ಇಲ್ಲವೋ ಎಂದು ಇಂಟರ್ನೆಟ್ಟಿನಲ್ಲಿ ಬರೆಯುವುದು ಅವನ ಉದ್ಯೋಗ. ಈ ಸಲ ತಂದದ್ದು ಬ್ಯಾಟರಿಯಿಂದ ಓಡುವ, ಸೊಂಟ ಮುರಿದಂತೆ ಮಡಚಿಕೊಳ್ಳುವ, ತೋಳಿನಷ್ಟು ದಪ್ಪ ಗಾಲಿಗಳ ಸೈಕಲ್ಲು. ಊರಿನ ಇನ್ನೊಂದು ತುದಿಯ ಮಿಯಾಪುರದಿಂದ ಕಾಚಿಗುಡಾದ ಕಾಕಾನ ಮನೆಗೆ ಅದನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದಿದ್ದ.

"ಕಾಕೂ, ಇದಕ್ಕ ಲೈಸೆನ್ಸ್ ಬ್ಯಾಡ, ನಂಬರ್ ಪ್ಲೇಟ್ ಬ್ಯಾಡ. ಮಡಚಿ ಲಿಫ್ಟಿನಾಗ ತಂದ್ರಾತು. ಖರೇ ಹೇಳಬೇಕಂದ್ರ, ಮಡಚಿದ್ರ ಜಾಗ ಕಮ್ಮಿ ಆಗ್ತದ, ಭಾರ ಕಮ್ಮಿ ಆಗೂದಿಲ್ಲ. ಹಂಗನ ಬರೀತೀನಿ."

"ಹಿಂದ ಯಾರೂ ಕೂಡೂದಿಲ್ಲ?"

"ಒಬ್ಬರ ಗಾಡಿ."

"ದಾರ್‍ಯಾಗ ಯಾರೂ ಮುಟ್ಟೂದಿಲ್ಲ."

"ಯಾಕ ಮುಟ್ತಾರ, ಕಾಕೂ?"

ಸುಹಾಸಿನಿ ಬಟ್ಟಲು ಕೆಳಗಿಟ್ಟಳು. "ಹಂಗಾದ್ರ ನಾ ಓಡಸ್ತೀನಿ."

ಪೇಪರಿನ ಹಿಂದಿನಿಂದ ಜಯತೀರ್ಥರು ಕೇಳಿದರು: "ಯಾವಾಗ? ಮುಂದಿನ ಜನ್ಮದಾಗ?"

"ಈ ದ್ವಾದಶಿಗೆ."

ಪೇಪರು ಕೆಳಗಿಳಿಯಿತು.

ಸುಲ್ತಾನ್ ಬಜಾರಿನ ಹಿಂದಿನ ಓಣಿಯಲ್ಲಿ ಅವರ ಮಠ. ಏಕಾದಶಿಯಂದು ಉಪವಾಸ ಮಾಡಿದವರು ಮರುದಿನ ದ್ವಾದಶಿಯ ಬೆಳಕು ಹರಿಯುತ್ತಿದ್ದಂತೆ ಅಲ್ಲಿ ಎಲೆಯ ಮುಂದೆ ಕೂರುತ್ತಾರೆ. ಆ ಬೆಳಗಿನ ಅಡಿಗೆ ಸುಹಾಸಿನಿಯದು, ಅತ್ತೆಯಿಂದ ಅವಳಿಗೆ ಬಂದದ್ದು. ಮಾಡುವವಳು ಮನೆಯಲ್ಲೇ ಮಿಂದು, ಯಾರೂ ಮುಟ್ಟದಂತೆ ಒಣಗಿಸಿದ ಪತ್ತಲ ಸೀರೆ ಉಟ್ಟು, ದಾರಿಯಲ್ಲಿ ಯಾರನ್ನೂ ಸೋಕದೆ ಮಡಿಯಲ್ಲಿ ಬರಬೇಕು. ಮಠದಲ್ಲಿ ಹೆಂಗಸರಿಗೆ ಸ್ನಾನದ ಕೋಣೆಯಿಲ್ಲ. ಅಂಗಳದ ನಲ್ಲಿ ಗಂಡಸರದು. ಆಟೋ ಹತ್ತಿದರೆ ಮೈಲಿಗೆ. ಗಂಡನ ಸ್ಕೂಟರಿನ ಹಿಂದೆ ಕೂತರೂ ಮೈಲಿಗೆ. ಹಾಗಾಗಿ ಇಷ್ಟು ವರ್ಷ ನಡೆದೇ ಹೋದಳು. ಈಗ ಮೊಣಕಾಲು ಕೇಳುತ್ತಿರಲಿಲ್ಲ. ಹಿಂದಿನ ಸಲ ಅವಳು ಮಠ ಮುಟ್ಟುವಷ್ಟರಲ್ಲಿ ಬಿಸಿಲು ಬಂದಿತ್ತು, ಮುದುಕರು ಹಸಿದು ಗೋಡೆಗೆ ಒರಗಿದ್ದರು. ಮಠದ ವ್ಯವಸ್ಥೆ ನೋಡುವ ಹನುಮಂತರಾಯರು ದನಿ ತಗ್ಗಿಸಿ ಹೇಳಿದ್ದರು: "ವೈನಿ, ಇನ್ನೊಮ್ಮೆ ಹಿಂಗಾದ್ರ ಅಡಿಗಿಯವರಿಗೆ ಕಾಯಂ ವಹಿಸಿಬಿಡ್ತೀವಿ. ತಪ್ಪು ತಿಳ್ಕೋಬ್ಯಾಡ್ರಿ."

ಅವಳು ತಪ್ಪು ತಿಳಿದುಕೊಳ್ಳಲಿಲ್ಲ. ಆದರೆ ಅಂದು ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತಳು. ಆ ಒಲೆಯ ಮುಂದೆ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಸೊಸೆಯೂ ಅಲ್ಲ. ಅಷ್ಟು ದೊಡ್ಡ ಪಾತ್ರೆಯ ಅನ್ನ ಅವಳ ಮಾತು ಕೇಳಿ ಅರಳುತ್ತಿತ್ತು. ಅದನ್ನು ಯಾರಿಗೆ ಹೇಗೆ ವಹಿಸುವುದು?

"ಬೀಳ್ತಿ ನೋಡು," ಎಂದರು ಜಯತೀರ್ಥರು.

"ರಾಯಚೂರಾಗ ನಮ್ಮಣ್ಣನ ಸೈಕಲ್ ಯಾರು ಓಡಸ್ತಿದ್ರು ಮತ್ತ?"

"ಆಗ ಲಂಗ ಉಡ್ತಿದ್ದಿ."

"ಈಗ ಕಚ್ಚಿ ಹಾಕ್ತೀನಿ. ಕಚ್ಚಿ ಸೀರಿ ಸೈಕಲ್ಲಿಗೇ ಹೇಳಿ ಮಾಡಿಸಿದ್ಹಂಗ ಅದ."

ಸಂಜೆ ಕಾಲೊನಿಯ ರಸ್ತೆಯಲ್ಲಿ ಕಲಿಕೆ. ಮೊದಲು ಪೆಡಲು ತುಳಿದಳು; ಗಾಡಿ ಅಲುಗಾಡಿತು, ಮೊಣಕಾಲು ಚುರುಕ್ ಎಂದಿತು. "ತುಳೀಬ್ಯಾಡ್ರಿ, ಹೆಬ್ಬೆರಳಿಂದ ಆ ಆಕ್ಸಿಲರೇಟರ್ ಒತ್ರಿ," ಎಂದು ಕೌಸ್ತುಭ ಪಕ್ಕದಲ್ಲಿ ಓಡುತ್ತ ಕೂಗಿದ. ಒತ್ತಿದಳು.

ಯಾರೋ ಬೆನ್ನಿಗೆ ಅಂಗೈ ಇಟ್ಟು ತಳ್ಳಿದಂತಾಯಿತು. ಹಿಂದೆ ಯಾರೂ ಇರಲಿಲ್ಲ. ಸದ್ದಿರಲಿಲ್ಲ, ಹೊಗೆಯಿರಲಿಲ್ಲ, ಕೆಳಗೆ ನೆಲ ತಾನಾಗಿ ಹರಿಯತೊಡಗಿತು. ಪೈಪಿಗೆಂದು ಅಗೆದು ಮುಚ್ಚಿದ ಜಾಗ ಎದುರಾದಾಗ ಹಲ್ಲು ಕಚ್ಚಿದಳು. ನಡೆಯುವಾಗ ಅವಳು ಅತಿಯಾಗಿ ಹೆದರುತ್ತಿದ್ದ ಜಾಗ ಅದು. ದಪ್ಪ ಗಾಲಿಗಳು ಜಲ್ಲಿಯನ್ನು ಹಿಟ್ಟು ನಾದುವಂತೆ ಅದುಮಿಕೊಂಡು ದಾಟಿಬಿಟ್ಟವು. ಮೊಣಕಾಲಿಗೆ ಸುದ್ದಿಯೇ ಮುಟ್ಟಲಿಲ್ಲ. ಇಂಥದ್ದು ಈ ಲೋಕದಲ್ಲಿತ್ತು, ತನಗೆ ಗೊತ್ತಿರಲಿಲ್ಲ ಎಂದುಕೊಂಡಳು. ಕಣ್ಣಲ್ಲಿ ನೀರು ಬಂತು. ಗಾಳಿಗೆ, ಎಂದು ಕೌಸ್ತುಭನಿಗೆ ಹೇಳಿದಳು.

ತಕರಾರು ಹುಟ್ಟಿದ್ದು ಸೀಟಿನಿಂದ. ಜಯತೀರ್ಥರು ಕನ್ನಡಕ ಹಾಕಿಕೊಂಡು ಅಂಗಡಿಯವರ ಕಾಗದ ಓದಿದರು. "ಲೆದರ್ ಅಂತ ಬರದಾನ. ತೊಗಲಿನ ಮ್ಯಾಲೆ ಕೂತು ನೈವೇದ್ಯದ ಅಡಿಗಿಗೆ ಹೋಗೂದೇನು?"

ಕೌಸ್ತುಭ ಅಂಗಡಿಗೆ ಫೋನು ಹಚ್ಚಿದ. "ನಕಲಿ ಅಂತ ಕಾಕಾ. ಪ್ಲಾಸ್ಟಿಕ್."

"ನಕಲಿ ಅಂತ ಅವ ಫೋನಿನಾಗ ಹೇಳ್ತಾನ. ಕಾಗದದಾಗ ಅಸಲಿ ಅದ."

"ನೀರು ಹಾಕಿ ತೊಳದ್ರ ಶುದ್ಧ ಆಗೂದಿಲ್ಲೇನ್ರಿ?" ಎಂದಳು ಸುಹಾಸಿನಿ. "ಕೌಸ್ತುಭ, ಬ್ಯಾಟರಿಗೆ ನೀರು ನಡೀತದೇನೋ?"

"ಮಳಿ ನಡೀತದ. ಪುಣ್ಯಾಹದ ಬಗ್ಗೆ ಕಂಪನಿಯವರು ಏನೂ ಬರದಿಲ್ಲ."

ಕೊನೆಗೆ ದಾರಿ ತೋರಿಸಿದವರು ಜಯತೀರ್ಥರೇ. ಉಣ್ಣೆಗೆ ಮೈಲಿಗೆಯಿಲ್ಲ. ಅವರ ತಾಯಿ ಊಟಕ್ಕೆ ಬಡಿಸುವಾಗ ಉಡುತ್ತಿದ್ದ ಧಾಬಳಿ, ಒರಟು ಉಣ್ಣೆಯ ಉದ್ದ ವಸ್ತ್ರ, ಪೆಟ್ಟಿಗೆಯಲ್ಲಿ ಇತ್ತು. ಅದನ್ನು ಸೀಟಿಗೆ ಸುತ್ತಿದರು. ಸುತ್ತಿ ಉಳಿದದ್ದು ಬಹಳ. "ಕತ್ತರಿಸಿಬಿಡಲೇನ್ರಿ?" ಎಂದ ಕೌಸ್ತುಭ. ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಅವನನ್ನು ನೋಡಿದ ನೋಟಕ್ಕೆ, ಉಳಿದದ್ದನ್ನು ಮಡಿಕೆ ಹಾಕಿ ಸೀಟಿನ ಕೆಳಗೆ ತುರುಕಿ ಬಿಗಿದ.

ದ್ವಾದಶಿಯ ನಸುಕಿನಲ್ಲಿ ತಲೆಗೆ ತಣ್ಣೀರು ಹಾಕಿಕೊಂಡು, ಕಚ್ಚೆ ಬಿಗಿದು, ಸುಹಾಸಿನಿ ಹೊರಟಳು. ಹಿಂದಿನ ದಿನದ ಉಪವಾಸದಲ್ಲಿ ಮೈ ಹಗುರಾಗಿತ್ತು. ಹಿಂದೆ ಬರುತ್ತೇನೆಂದ ಕೌಸ್ತುಭನನ್ನು ಬೇಡವೆಂದಿದ್ದಳು. ಬೀದಿದೀಪಗಳು ಇನ್ನೂ ಉರಿಯುತ್ತಿದ್ದವು. ನಡೆದು ನಡೆದು ಒಂದೊಂದು ಕಲ್ಲೂ ಪರಿಚಯವಾಗಿದ್ದ ದಾರಿ ಈಗ ಒಂದೇ ಉಸಿರಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅಂಗಡಿಗಳ ಮುಚ್ಚಿದ ಬಾಗಿಲುಗಳು ಎರಡೂ ಬದಿ ಹಿಂದೆ ಸರಿದವು. ತಲೆಯ ಮೇಲೆ ಮೆಟ್ರೊದ ಹಳಿ, ಅದರ ಮೇಲೆ ಬಿಳಿಚಿಕೊಳ್ಳುತ್ತಿದ್ದ ಆಕಾಶ, ನಡುವೆ ಸದ್ದಿಲ್ಲದೆ ತೇಲುತ್ತಿರುವ ತಾನು. ಒಂದು ನಾಯಿ ಎದ್ದು ನಿಂತಿತು. ಬೊಗಳುವುದನ್ನು ಮರೆತು ನೋಡಿತು.

ಸುಲ್ತಾನ್ ಬಜಾರಿನ ತಿರುವಿನಲ್ಲಿ ಗಾಡಿ ಗಕ್ಕನೆ ನಿಂತಿತು.

ಅವಳು ಬೀಳಲಿಲ್ಲ, ಕಾಲೂರಿದಳು. ಹಿಂದೆ ತಿರುಗಿ ನೋಡಿದರೆ ಸೀಟಿನ ಕೆಳಗಿಂದ ಜಾರಿದ ಧಾಬಳಿಯನ್ನು ದಪ್ಪ ಗಾಲಿ ಮಡ್‌ಗಾರ್ಡಿನೊಳಕ್ಕೆ ಎಳೆದುಕೊಂಡು ನುಂಗಿ ಕೂತಿತ್ತು. ಎಳೆದಳು. ಬರಲಿಲ್ಲ. ಹಿಂಭಾಗ ಎತ್ತಿ ಗಾಲಿಯನ್ನು ಹಿಂದಕ್ಕೆ ತಿರುಗಿಸಬೇಕು. ಎತ್ತಲು ಹೋದಳು, ಮೊಣಕಾಲು ಕುಸಿಯಿತು. ಭಾರ ಕಮ್ಮಿ ಆಗೂದಿಲ್ಲ ಎಂದು ಹುಡುಗ ಸುಳ್ಳು ಹೇಳಿರಲಿಲ್ಲ.

"ಏಂದಮ್ಮಾ, ಪೊದ್ದುಗಾಲ ಪೆಂಡ್ಲಿಕಿ ಪೋತುನ್ನವಾ?"

ರಸ್ತೆ ಗುಡಿಸುತ್ತಿದ್ದ ಹೆಂಗಸು. ಉದ್ದ ಹಿಡಿಯ ಪೊರಕೆ ಊರಿಕೊಂಡು, ಬೆಳ್ಳಂಬೆಳಿಗ್ಗೆ ಈ ಸವಾರಿಯಲ್ಲಿ ಮದುವೆಗೆ ಹೊರಟೆಯಾ ಎಂದು ತೆಲುಗಿನಲ್ಲಿ ಕೇಳಿ ನಗುತ್ತ ಹತ್ತಿರ ಬಂದಳು. ಸುಹಾಸಿನಿ ಯೋಚಿಸುವ ಮೊದಲೇ ಅವಳ ಕಾಲು ಎರಡು ಹೆಜ್ಜೆ ಹಿಂದೆ ಹೋಗಿತ್ತು. ಆ ಹೆಂಗಸು ನಿಂತಳು. ಪತ್ತಲ ನೋಡಿದಳು, ಒದ್ದೆ ಕೂದಲ ಗಂಟು ನೋಡಿದಳು. ನಗು ಹೋಗಲಿಲ್ಲ, ಆದರೆ ಒಳಕ್ಕೆ ಸರಿಯಿತು. "ಅಚ್ಛಾ, ಪೂಜಾ ಹೈ ಕ್ಯಾ," ಎಂದು ಹೇಳಿ, ಪೊರಕೆ ಎತ್ತಿಕೊಂಡು ತಿರುಗಿದಳು.

ಮಠದಲ್ಲಿ ಜನ ಬಂದು ಕೂತಿರುತ್ತಾರೆ. ಒಲೆ ತಣ್ಣಗಿರುತ್ತದೆ. ಸುಹಾಸಿನಿ ಆ ಬೆನ್ನನ್ನು ನೋಡಿದಳು. ಹಿಂದೆ ಸರಿದ ತನ್ನ ಕಾಲನ್ನು ನೋಡಿದಳು. ನಡೆ ಎಂದರೆ ನಡೆಯದ ಕಾಲು, ಹಿಂದೆ ಸರಿಯಲು ಮಾತ್ರ ಅವಳನ್ನು ಕೇಳಿರಲಿಲ್ಲ.

"ಏ ಬೆಹೆನ್," ಎಂದಳು. "ಜರಾ ಹಾತ್ ಲಗಾವ್." ಸ್ವಲ್ಪ ಕೈ ಹಚ್ಚು.

"ಚಲ್ತಾ ಕ್ಯಾ?" ಮುಟ್ಟಿದರೆ ನಡೆಯುತ್ತದೆಯೇ ಎಂದು ಆ ಹೆಂಗಸು ತಿರುಗಿ ಕೇಳಿದಳು.

"ಚಲ್ತಾ."

ಆ ಹೆಂಗಸು ಸೀಟು ಹಿಡಿದು ಒಂದೇ ಏಟಿಗೆ ಎತ್ತಿದಳು. ಸುಹಾಸಿನಿ ನೆಲದಲ್ಲಿ ಕೂತು ಗಾಲಿ ತಿರುಗಿಸಿದಳು. ಅತ್ತೆಯ ಧಾಬಳಿ ಎಣ್ಣೆ, ಮಣ್ಣು ಮೆತ್ತಿಕೊಂಡು ತುಂಡುತುಂಡಾಗಿ ಹೊರಬಂತು. ಏಳುವಾಗ ಮೊಣಕಾಲು ಏಳಗೊಡಲಿಲ್ಲ. ಆ ಹೆಂಗಸು ರಟ್ಟೆಗೆ ಕೈಹಾಕಿ ಎಬ್ಬಿಸಿದಳು. ಬಿಸಿಯಾದ, ಒರಟಾದ ಕೈ. ಅತ್ತೆ ಇದ್ದಿದ್ದರೆ ಆಕಾಶ ಕುಸಿಯುತ್ತದೆ ಅನ್ನುತ್ತಿದ್ದರು. ಸುಹಾಸಿನಿ ಮೇಲೆ ನೋಡಿದಳು: ಕೆಂಪಾಗುತ್ತಿದ್ದ ಆಕಾಶದ ಅಡಿಯಲ್ಲಿ ಮೊದಲ ಮೆಟ್ರೊ ದೀಪ ಹಚ್ಚಿಕೊಂಡು ಹಾದುಹೋಯಿತು.

ಆ ಹೆಂಗಸು ಹ್ಯಾಂಡಲಿನ ಗುಂಡಿಯೊಂದನ್ನು ಒತ್ತಿದಳು. ಹಾರ್ನ್ ಕೂಗಿತು. ಇಬ್ಬರೂ ಬೆಚ್ಚಿ, ಇಬ್ಬರೂ ನಕ್ಕರು. "ಪೋ, ಪೋ, ಲೇಟೈತದಿ," ಎಂದು ಅವಳೇ ಅಟ್ಟಿದಳು.

ಮಠದ ಅಂಗಳದಲ್ಲಿ ಹನುಮಂತರಾಯರು ನಿಂತಿದ್ದರು. ದಪ್ಪ ಗಾಲಿಯ ಮೇಲೆ ಕಚ್ಚೆ ಸೀರೆಯಲ್ಲಿ ಒಳಬಂದವಳನ್ನು ನೋಡಿ ಅವರ ಕೈಯ ಪಂಚಾಂಗ ಕೆಳಗೆ ಬಿತ್ತು.

"ವೈನಿ! ನೀವ... ಇದರ ಮ್ಯಾಲೆ?" ಆಮೇಲೆ ಹೊಳೆದು, ಮುಖ ಅರಳಿತು. "ಯಾರನ್ನೂ ಮುಟ್ಟದನ ಬಂದ್ರಿ! ಭಾಳ ಛಲೋ ಉಪಾಯ."

ಸುಮ್ಮನಿದ್ದರೆ ಸಾಕಿತ್ತು.

"ಮುಟ್ಟೇನ್ರಿ," ಎಂದಳು ಸುಹಾಸಿನಿ. "ರಸ್ತಾದಾಗ ಗಾಡಿ ಸಿಕ್ಕಿಬಿತ್ತು. ರಸ್ತಾ ಗುಡಿಸಾಕಿ ಬಂದು ಬಿಡಿಸಿದಳು. ಮೈಲಿಗಿ ಆಗೇನಿ."

ಅಂಗಳದಲ್ಲಿದ್ದ ಗಂಡಸರು ಒಂದು ಹೆಜ್ಜೆ ಹಿಂದೆ ಸರಿದರು. ಹನುಮಂತರಾಯರು ಪಂಚಾಂಗ ಎತ್ತಿಕೊಂಡು ಅದನ್ನೇ ನೋಡುತ್ತ ನಿಂತರು. "ಈಗ ಏನ ಮಾಡೂದ್ರಿ? ಮನಿಗೆ ಹೋಗಿ ಬರೂದ್ರೊಳಗ ಹೊತ್ತು ಮೀರ್ತದ. ಒಲಿ ಹಚ್ಚವರ ಯಾರು?"

"ಉಟ್ಟ ಸೀರಿ ಮ್ಯಾಲೆನ ಮಿಂದು ಒದ್ದಿ ಮಡಿ ನಡೀತದಲ್ರಿ?"

"ನಡೀತದ. ಆದ್ರ ಇಲ್ಲಿ ಹೆಂಗಸರಿಗೆ ಎಲ್ಲಿ..."

ಅವರ ಮಾತು ಮುಗಿಯುವ ಮೊದಲೇ ಅವಳು ಗಂಡಸರ ನಲ್ಲಿಯ ಕೆಳಗಿನ ಕಲ್ಲಿನ ಮೇಲೆ ಕೂತಿದ್ದಳು. ಇಷ್ಟು ವರ್ಷ ತಲೆತಗ್ಗಿಸಿ ದಾಟಿದ ಕಲ್ಲು. ನಲ್ಲಿ ತಿರುವಿದಳು. ಉಟ್ಟ ಪತ್ತಲದ ಮೇಲೆ, ತೆರೆದ ಅಂಗಳದಲ್ಲಿ, ನೀರು ಧಬಧಬನೆ ಸುರಿಯಿತು. ಒಬ್ಬೊಬ್ಬರೇ ಗೋಡೆಯ ಕಡೆ ಮುಖ ತಿರುಗಿಸಿದರು. ಅವಳು ಎದ್ದು ನೀರು ತೊಟ್ಟಿಕ್ಕಿಸುತ್ತ ಒಳಗೆ ಹೋದಾಗ ಹನುಮಂತರಾಯರು ದಾರಿ ಬಿಟ್ಟು ನಿಂತರು. ಅದುವರೆಗೆ ಅವರು ಯಾವ ಹೆಂಗಸಿಗೂ ಹಾಗೆ ದಾರಿ ಬಿಟ್ಟದ್ದನ್ನು ಅವಳು ಕಂಡಿರಲಿಲ್ಲ.

ಒಲೆ ಹತ್ತಿತು. ಹೊತ್ತು ಮೀರುವ ಮೊದಲೇ ಎಲೆಗಳ ಮೇಲೆ ಅನ್ನ ಬಿತ್ತು. ಎಲ್ಲರೂ ಉಂಡೆದ್ದ ಮೇಲೆ ಹನುಮಂತರಾಯರು ಅಡಿಗೆಮನೆಯ ಹೊಸ್ತಿಲಾಚೆ ನಿಂತು ಕೇಳಿದರು: "ಮುಂದಿನ ದ್ವಾದಶಿಗೂ ಇದರ ಮ್ಯಾಲೆನ ಬರ್ತೀರೇನ್ರಿ, ವೈನಿ?"

"ಬರ್ತೀನ್ರಿ. ನಲ್ಲಿ ಸುತ್ತ ಒಂದು ಪಡದಿ ಕಟ್ಟಸ್ರಿ."

ಹೊರಬಂದಾಗ ಬಜಾರು ತೆರೆಯುತ್ತಿತ್ತು. ಪತ್ತಲ ಇನ್ನೂ ಅರೆ ಒದ್ದೆ. ಅವಳು ಬರಿಯ ಸೀಟಿನ ಮೇಲೆ ಕೂತು ಹೆಬ್ಬೆರಳು ಒತ್ತಿದಳು. ಬಳೆಯಂಗಡಿಯ ಬಾಗಿಲು ಸದ್ದು ಮಾಡುತ್ತ ಮೇಲಕ್ಕೇರಿತು, ಬಟ್ಟೆಯಂಗಡಿಯವನು ಗಿಣಿಹಸಿರು ಸೀರೆಯೊಂದನ್ನು ಕೊಡವಿ ನೇತುಹಾಕಿದ, ಜನ ಎರಡೂ ಕಡೆಯಿಂದ ಹರಿದುಬಂದು ಅವಳ ಮೊಣಕೈ, ಹೆಗಲು, ಸೆರಗು ಸೋಕುತ್ತ ಹಾದುಹೋದರು. ಗಾಳಿ ಒದ್ದೆ ಸೀರೆಯೊಳಗೆ ನುಗ್ಗಿತು. ಇಷ್ಟೊಂದು ಜನ, ಇಷ್ಟು ಹತ್ತಿರ, ಎಂದು ಅವಳು ಬಾಯಿ ತೆರೆದು ನೋಡುತ್ತ ಮುಂದೆ ಮುಂದೆ ಹೋದಳು.