ಬೂಟು ಬಿಚ್ಚಿ ತುಳಿಯಿರಿ

“ಬೆನ್ನು ನೋವು ಅಂತೆ, ಬೆನ್ನು ನೋವು. ಏಳು ಬೇವರ್ಸಿ, ಡಾಕ್ಟರಮ್ಮನ ಕುರ್ಚಿ ನಿನ್ನ ಅಪ್ಪ ಹೊರ್ತಾನಾ?”

ಮಂಗಳೂರು ಕಡೆಯ ಫೋರ್‌ಮನ್ ಅಬ್ಬಾಸ್ ಹೀಗೆ ಬೈದದ್ದು ದ್ಯಾಮಣ್ಣನಿಗೆ. ಕುರ್ಚಿಗಳು ಬಂದದ್ದು, ತಮಾಷೆ ನೋಡಿ, ಬೆನ್ನುನೋವಿನ ಮಾಹಿತಿ ಶಿಬಿರಕ್ಕೆ. ಅದೂ ಶುಕ್ರವಾರ, ನಮಗೆ ವಾರಕ್ಕಿದ್ದ ಒಂದೇ ರಜೆ.

ಕೊಲ್ಲಿ ನಾಡಿನ ಉಮ್ಮ್ ಸಲಾಲ್‌ನ ಲೇಬರ್ ಕ್ಯಾಂಪಿನಲ್ಲಿ ಬೆನ್ನು ಎಂದರೆ ನನ್ನದೇ. ಆ ಊರಿನ ಅರ್ಧ ಮನೆಗಳು ಸಿಮೆಂಟ್ ಚೀಲಗಳಾಗಿ ಇದರ ಮೇಲೆಯೇ ಹಾದುಹೋಗಿವೆ. ನಾನು ಬಗ್ಗಿದಾಗ ಬರುವ ಲಟಕ್ ಸದ್ದಿಗೆ ಬಾಗಲಕೋಟೆಯಲ್ಲಿ ನನ್ನವ್ವ ಬಾಳಮ್ಮ ಬೆಚ್ಚುತ್ತಿದ್ದಳು. ಆದರೂ ನೋವು ಎಂದು ಕಂಪನಿಯವರ ಮುಂದೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟವನ ವೀಸಾ ಖಲಾಸ್, ಮರುದಿನವೇ ವಿಮಾನ. ಅದಕ್ಕೇ ಬೆಳಗ್ಗೆ ಬಸ್ಸು ಬರುವ ಮುಂಚೆ ಸಾಲಾಗಿ ಬೋರಲು ಮಲಗಿ ಒಬ್ಬರ ಬೆನ್ನನ್ನು ಒಬ್ಬರು ತುಳಿಯುತ್ತಿದ್ದೆವು. ದ್ಯಾಮಣ್ಣನ ಬೆನ್ನು ನನ್ನ ಪಾಲು.

ಅಂದು ಕಂಪನಿಯವರು ಶಾಮಿಯಾನದಡಿ ಕುಳಿತರು, ನಾವು ಬಿಸಿಲಲ್ಲಿ ನಿಂತೆವು. ಉರ್ಸುಲಾ ಎಂಬ ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಬ್ಬಾಸ್ ಕನ್ನಡಕ್ಕೆ ಇಳಿಸಿದ.

“ನೋವಾದ್ರೆ ಭಾರ ಎತ್ಲಿಕ್ಕಿಲ್ಲ. ಒಳ್ಳೆ ಹಾಸಿಗೆಯಲ್ಲಿ ಮಲಗ್ಬೇಕು. ದಿನಾ ಈಜ್ಬೇಕು.”

“ಕಾಂಕ್ರೀಟ್‌ನ್ಯಾಗ ಈಜಬೇಕೇನ್ರೀ ಭಾಯ್?” ಎಂದೆ.

“ಬಾಯಿ ಮುಚ್ಚು ನಿಂಗರಾಜ. ನೋವಿದ್ದವರು ಕೈ ಎತ್ತಿ.”

ನೊಣ ಓಡಿಸಲೂ ಯಾರೂ ಕೈ ಎತ್ತಲಿಲ್ಲ. ಕಂಪನಿಯವರು ಚಪ್ಪಾಳೆ ತಟ್ಟಿದರು.

ಭಾರ ಎತ್ತುವ ಸರಿಯಾದ ಕ್ರಮ ತೋರಿಸಲು ದ್ಯಾಮಣ್ಣನನ್ನು ಮುಂದೆ ಕರೆದರು. ಸಿಮೆಂಟ್ ಚೀಲಕ್ಕೆ ಬಗ್ಗಿದವನು ಮೇಲೇಳಲಿಲ್ಲ. ಚೀಲದ ಮೇಲೆಯೇ ಬೋರಲಾದ.

“ನಾಟಕ ಮಾಡ್ತೀಯಾ? ನಾಳೆ ನಿಂದು ಟಿಕೆಟ್. ಯಲ್ಲಾ, ನಡಿ,” ಎಂದ ಅಬ್ಬಾಸ್.

“ನೋವಿಲ್ರೀ ಭಾಯ್. ಖರೇನ ಇಲ್ರೀ. ಊರಿಗೆ ಕಳಸಬ್ಯಾಡ್ರಿ,” ದ್ಯಾಮಣ್ಣ ಚೀಲಕ್ಕೆ ಮುಖವೊತ್ತಿಯೇ ಹೇಳುತ್ತಿದ್ದ.

ನಾನು ಹೋಗಿ ಅವನ ಪಕ್ಕ ಬೋರಲು ಮಲಗಿದೆ.

“ನನಗೂ ನೋವೈತಿ. ನನಗೂ ಟಿಕೀಟ ತಗಸಲೇ ಮಗನ.”

ನನ್ನಾಚೆ ಇನ್ನೊಬ್ಬ ಮಲಗಿದ, ಅವನಾಚೆ ಮತ್ತೊಬ್ಬ. ಹತ್ತು ಸಾವಿರ ಜನ ಎನ್ನುತ್ತೇನೆ, ನೀವು ಇನ್ನೂರು ಎಂದುಕೊಳ್ಳಿ. ಶಾಮಿಯಾನದಿಂದ ಗೇಟಿನ ಬಳಿಯ ಕಾರುಗಳವರೆಗೆ ಬರೀ ಬೆನ್ನು. ಕಾಲಿಡಲು ನೆಲವಿಲ್ಲ.

ಅಬ್ಬಾಸನ ದನಿ ಇಳಿಯಿತು. “ಏಳಿ ಮಾರಾಯ್ರೆ, ಸಾಹೇಬ್ರು ಮನೆಗೆ ಹೋಗ್ಬೇಕು.”

“ಹೋಗ್ಲಿ. ದಿನಾ ತುಳ್ಯಾವ್ರು ಇವತ್ತೂ ತುಳೀಲಿ. ಬೂಟ್ ಅಷ್ಟ ಬಿಚ್ಚಿ ಬರ್ರಿ ಅನ್ನು,” ಎಂದೆ.

ಮರಳಿಗೆ ಕಿವಿಯೊತ್ತಿದ್ದ ನನಗೆ ಹಿಂದೆ ಶಾಮಿಯಾನದಲ್ಲಿ ಒಂದು ಬೂಟು ಧಪ್ಪೆಂದು ನೆಲಕ್ಕೆ ಬಿದ್ದದ್ದು ಕೇಳಿಸಿತು. ಆಮೇಲೆ ಇನ್ನೊಂದು.