ಹದಿನೈದು ಸೆಕೆಂಡಿಗೆ ಐವತ್ತಮೂರು

ಹಾಲು ಕರೆಯುವ ಯಂತ್ರಕ್ಕೂ ಒಂದು ನಾಡಿ ಇರುತ್ತದೆ. ಕೆಚ್ಚಲಿಗೆ ತೊಡಿಸಿದ ನಾಲ್ಕು ಬಟ್ಟಲುಗಳು ಎಳೆದು ಬಿಡುವ, ಎಳೆದು ಬಿಡುವ ಆ ಲಯ ನಿಮಿಷಕ್ಕೆ ಅರವತ್ತು ಸಲ ಬಡಿದರೆ ಹಸು ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತ ನಿಲ್ಲುತ್ತದೆ. ಅರವತ್ತೆಂಟಕ್ಕೆ ಏರಿತೋ, ಕಾಲು ಝಾಡಿಸುತ್ತದೆ. ಸುತ್ತಲಿನ ಇಪ್ಪತ್ತು ಹಳ್ಳಿಗಳ ಕೊಟ್ಟಿಗೆಗಳಲ್ಲಿ ಈ ನಾಡಿಯನ್ನು ಸರಿಪಡಿಸುವ ಮೆಕ್ಯಾನಿಕ್ಕು ಒಬ್ಬನೇ. ಅವನು ನಾಡಿ ಅಳೆಯುವ ಮೀಟರು ಹೊರಗೆ ತೆಗೆದದ್ದನ್ನು ಕಂಡವರು ಕಡಿಮೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಹೆಬ್ಬೆರಳನ್ನು ತೋರುಬೆರಳಿಗೆ ತಟ್ಟುತ್ತ, ಕೈಗಡಿಯಾರದ ಮೇಲೆ ಕಣ್ಣಿಟ್ಟು ಹದಿನೈದು ಸೆಕೆಂಡು ಎಣಿಸುವನು. ನಿಮಿಷಕ್ಕೆ ಎಂಟು ಜಾಸ್ತಿ ಎನ್ನುವನು. ಯಾರಾದರೂ ಹಟಕ್ಕೆ ಬಿದ್ದು ಮೀಟರು ಹಚ್ಚಿಸಿದರೆ ಅಲ್ಲಿಯೂ ಎಂಟೇ ಜಾಸ್ತಿ.

ಈ ವಿದ್ಯೆ ಎಲ್ಲಿ ಕಲಿತೆ ಎಂದು ಕೇಳಿದವರಿಗೆ ಅವನು ಕೊಡುತ್ತಿದ್ದ ಉತ್ತರ ಒಂದೇ: ಮೊಣಕೈಯವರಿಂದ.

ಮೊಣಕೈಯವರು ಎಂದರೆ ನಾಲ್ಕು ಜನರ ಒಂದು ಸಂಗೀತದ ತಂಡ. ‘ತರಚಿದ ಮೊಣಕೈ’ ಎಂಬ ಅರ್ಥ ಬರುವ ಹೆಸರು ಅವರದು. ಅವರು ಬಾರಿಸುತ್ತಿದ್ದದ್ದು ಸ್ಕೇಟ್‌ಪಂಕ್. ಗಾಲಿಯ ಹಲಗೆ ಹತ್ತಿ ಸಿಮೆಂಟಿನ ಇಳಿಜಾರಿನಲ್ಲಿ ಜಾರಿ, ಬಿದ್ದು, ಮತ್ತೆ ಹತ್ತುವ ಹುಡುಗರು ತಮಗಾಗಿ ಕಟ್ಟಿಕೊಂಡ ಸಂಗೀತ ಅದು. ಎರಡು ನಿಮಿಷಕ್ಕೆ ಒಂದು ಹಾಡು. ಕುಳಿತವನು ಏಳುವಷ್ಟರಲ್ಲಿ ಮುಗಿದಿರುತ್ತದೆ. ಮೆಕ್ಯಾನಿಕ್ಕಿಗೆ ಹದಿನಾಲ್ಕು ವರ್ಷವಾಗಿದ್ದಾಗ, ಲಾರಿ ಓಡಿಸುತ್ತಿದ್ದ ಚಿಕ್ಕಪ್ಪ ಯಾವುದೋ ಊರಿನ ಲಾರಿ ನಿಲ್ದಾಣದಲ್ಲಿ ಯಾರದೋ ಕ್ಯಾಸೆಟ್ಟನ್ನು ತನ್ನ ಟೇಪ್‌ರೆಕಾರ್ಡರಿನಲ್ಲಿ ನಕಲು ಮಾಡಿ ತಂದುಕೊಟ್ಟಿದ್ದ. “ನಿಂಗೆ ಒಂದು ಕಡೆ ಕೂರಕ್ಕಾಗಲ್ಲ, ಇವ್ರಿಗೂ ಆಗಲ್ಲ. ತಗೋ,” ಎಂದಿದ್ದ.

ಹುಡುಗ ಅದನ್ನು ಹುಲ್ಲು ಒಟ್ಟಿದ ಅಟ್ಟದ ಮೇಲೆ ಕುಳಿತು ಕೇಳಿದ. ಮೊದಲ ಹಾಡು ಮುಗಿದಾಗ ತಾನು ಎದ್ದು ನಿಂತಿರುವುದು ಅವನಿಗೆ ತಿಳಿಯಿತು. ಯಾವಾಗ ಎದ್ದೆನೆಂಬುದು ತಿಳಿಯಲಿಲ್ಲ. ಮನುಷ್ಯರ ಕೈಕಾಲು ಇಷ್ಟು ವೇಗವಾಗಿ ಆಡಬಲ್ಲವೇ? ಅಷ್ಟು ವೇಗದ ನಡುವೆಯೂ ನಾಲ್ವರೂ ಒಂದೇ ಕಡೆ ತಿರುಗಿ, ಒಂದೇ ಕಡೆ ನಿಲ್ಲಬಲ್ಲರೇ? ಆ ಬೆರಗಿನಲ್ಲಿ ಅವನು ಹೆಬ್ಬೆರಳಿನಿಂದ ಡ್ರಮ್ಮಿನ ಏಟು ಎಣಿಸತೊಡಗಿದ. ಹದಿನೈದು ಸೆಕೆಂಡಿಗೆ ಐವತ್ತಮೂರು. ಮರುದಿನ ಎಣಿಸಿದ, ಐವತ್ತಮೂರೇ. ಹಾಲಿನ ಕ್ಯಾನು ತಳ್ಳುವ ಗಾಡಿಯ ಗಾಲಿಗಳನ್ನು ಬಿಚ್ಚಿ ಹಲಗೆಗೆ ಜೋಡಿಸಿಕೊಂಡು, ಊರಿನಲ್ಲಿದ್ದ ಏಕೈಕ ನುಣುಪು ನೆಲವಾದ ಹಾಲಿನ ಕೇಂದ್ರದ ಅಂಗಳದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡದ್ದೂ ಆ ವರ್ಷವೇ. ಅಪ್ಪನಿಗೆ ಮುರಿದ ಕೈಗಿಂತ ಗಾಲಿ ಕಳಚಿದ ಗಾಡಿಯ ಚಿಂತೆ ಹೆಚ್ಚಾಗಿತ್ತು.

ಆಮೇಲೆ ಅವನು ಬೇರೆ ಎಷ್ಟೋ ತಂಡಗಳ ಬೆನ್ನು ಹತ್ತಿದ. ರೆಕಾರ್ಡುಗಳು ಒಂದು ಗೋಡೆ ತುಂಬಿದವು. ಅವನ್ನು ಹೆಸರಿನ ಪ್ರಕಾರ ಜೋಡಿಸದೆ ಡ್ರಮ್ಮು ಬಾರಿಸಿದವರ ಪ್ರಕಾರ ಜೋಡಿಸಿದ್ದ. ಯಾರು ಎರಡನೇ ಚರಣಕ್ಕೆ ಆತುರಪಡುತ್ತಾರೆ, ಯಾರು ಕೊನೆಯವರೆಗೂ ಜಗ್ಗುವುದಿಲ್ಲ ಎಂಬುದೆಲ್ಲ ಅವನಿಗೆ ಅಂಗೈ ಗೆರೆಯಷ್ಟು ಪರಿಚಯ. ಬಸ್ಸು ಹಿಡಿದು, ಹಾಲಿನ ಟ್ಯಾಂಕರಿನಲ್ಲಿ ಕುಳಿತು, ನೆಲಮಾಳಿಗೆಗಳಲ್ಲೂ ಖಾಲಿ ಗ್ಯಾರೇಜುಗಳಲ್ಲೂ ನಡೆದ ಕಾರ್ಯಕ್ರಮಗಳಿಗೆ ಹೋಗಿ ಬಂದ. ಕಣ್ಣೆದುರು ಕಾಣದೆ ಉಳಿದದ್ದು ಮೊಣಕೈಯವರು ಮಾತ್ರ. ಇವನ ಕೈಗೆ ಮೊದಲ ಸಂಬಳ ಬಂದ ವರ್ಷವೇ ಅವರು ಚದುರಿಹೋಗಿದ್ದರು. ಅವರ ಆ ಒಂದೇ ಆಲ್ಬಮ್ಮಿನ ಅಸಲು ಪ್ರತಿ ಎಲ್ಲೂ ಸಿಗುತ್ತಿರಲಿಲ್ಲ, ಇವನು ಹುಡುಕಲೂ ಇಲ್ಲ. ಚಿಕ್ಕಪ್ಪನ ಕ್ಯಾಸೆಟ್ಟು ಸವೆಯತೊಡಗಿದಾಗ ಅದರಿಂದಲೇ ಇನ್ನೊಂದು ನಕಲು ತೆಗೆದ, ಅದರಿಂದ ಮತ್ತೊಂದು. ಮೂವತ್ತೆರಡು ವರ್ಷ ಅವನ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಆ ಕ್ಯಾಸೆಟ್ಟಿನಿಂದಲೇ.

ಆ ಚಳಿಗಾಲ ಮೊಣಕೈಯವರು ಮತ್ತೆ ಕೂಡಿದರು, ಒಂದೇ ಒಂದು ಸಲಕ್ಕೆ. ಪಟ್ಟಣದ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಅಪ್ಪನಿಗೆಂದೂ ತನಗೆಂದೂ ಎರಡು ಟಿಕೆಟ್ಟು ತೆಗೆದುಕೊಂಡು ಬಂದಳು. ಜೊತೆಗೆ ಆ ಹಳೆಯ ಆಲ್ಬಮ್ಮು, ಹೊಸದಾಗಿ ಅಚ್ಚು ಹಾಕಿದ ರೆಕಾರ್ಡು.

ಮೆಕ್ಯಾನಿಕ್ಕು ಕೈ ತೊಳೆದು ಒರೆಸಿಕೊಂಡು ರೆಕಾರ್ಡು ಹಚ್ಚಿದ. ಮುಳ್ಳು ಕುಳಿತು ಹಾಡು ಶುರುವಾದಾಗ ಅವನ ಮುಖದಲ್ಲಿದ್ದ ನಗು ಹಾಗೇ ನಿಂತಿತು. ಪೆಟ್ಟಿಗೆಯ ಬೆಲ್ಟು ನೋಡಿದ, ತಟ್ಟೆಯ ಸುತ್ತು ಎಣಿಸಿದ, ಬೇರೆ ತಂಡದ ರೆಕಾರ್ಡು ಹಾಕಿ ಪರೀಕ್ಷಿಸಿದ. ಎಲ್ಲ ಸರಿಯಾಗಿತ್ತು. ಮೊಣಕೈಯವರು ಮಾತ್ರ ಹದಿನೈದು ಸೆಕೆಂಡಿಗೆ ನಲವತ್ತೊಂಬತ್ತು ಹೊಡೆಯುತ್ತಿದ್ದರು. ನಾಲ್ಕು ಏಟು ಕಡಿಮೆ. ಹಾಡುಗಾರನ ಚೂಪು ದನಿಯೂ ಇಳಿದು ದಪ್ಪವಾಗಿತ್ತು. ಓಡಬೇಕಾದ ಹಾಡು ಬಿರುಸಾಗಿ ನಡೆಯುತ್ತಿತ್ತು, ಅಷ್ಟೇ. ಚೆನ್ನಾಗಿದೆಯಾ ಅಪ್ಪಾ ಎಂದು ಮಗಳು ಕೇಳಿದ್ದಕ್ಕೆ ಚೆನ್ನಾಗಿದೆ ಎಂದ.

ಮರುದಿನ ಕೆಲಸ ಮುಗಿಸಿ ಚಿಕ್ಕಪ್ಪನ ಮನೆಗೆ ಹೋದ. ಎಪ್ಪತ್ತು ದಾಟಿದ ಚಿಕ್ಕಪ್ಪ ಅಂಗಳದಲ್ಲಿ ಕುಳಿತು ಸೈಕಲ್ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ. ಆ ಕಾಲದ ಟೇಪ್‌ರೆಕಾರ್ಡರು ಹೇಗಿತ್ತು ಎಂದು ಇವನು ಕೇಳಿದೊಡನೆ ಮುದುಕನ ಮುಖ ಅರಳಿತು.

“ಎರಡು ಕ್ಯಾಸೆಟ್ಟು ಹಿಡಿಯೋದಲ್ವ? ಭಾರಿ ಪೆಟ್ಟಿಗೆ ಅದು. ಹಾಡೋ ಕಡೆ ಬೆಲ್ಟು ಮಾತ್ರ ಜಾರ್ತಿತ್ತು ಕಣೋ. ನಾನೇನು ಬಿಡ್ತೀನಾ? ಮೋಟಾರಿನ ಪುಲ್ಲಿಗೆ ವೈರಿಗೆ ಸುತ್ತೋ ಕರೀ ಟೇಪು ಎರಡು ಸುತ್ತು ಸುತ್ತಿದೆ. ಆಮೇಲೆ ಹಿಡ್ಕೊಂಡಿತು ನೋಡು, ಉಡ ಹಿಡ್ಕೊಂಡ ಹಾಗೆ.”

ಪುಲ್ಲಿ ದಪ್ಪವಾದರೆ ಬೆಲ್ಟು ಜೋರಾಗಿ ಓಡುತ್ತದೆ, ನಕಲಾಗುವ ಹಾಡೂ ಹಾಗೇ ಓಡುತ್ತದೆ, ದನಿ ಚೂಪಾಗುತ್ತದೆ. ಇದನ್ನು ಆ ಜಿಲ್ಲೆಯಲ್ಲಿ ಮೆಕ್ಯಾನಿಕ್ಕಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಒಳ್ಳೇ ಕೆಲಸ ಮಾಡಿದ್ದೆ ಚಿಕ್ಕಪ್ಪ ಎಂದು ಹೇಳಿ, ಟ್ಯೂಬು ಹಿಡಿದುಕೊಂಡು ತೇಪೆ ಒಣಗುವವರೆಗೂ ಕುಳಿತಿದ್ದು ಬಂದ.

ಹೆಂಡತಿ ಹಾಲಿನ ಕೇಂದ್ರದಲ್ಲಿ ಕೊಬ್ಬಿನಂಶ ಪರೀಕ್ಷಿಸುವವಳು. ನೀರು ಬೆರೆತದ್ದನ್ನು ನೋಟದಲ್ಲೇ ಹಿಡಿಯುವವಳು. ಗಂಡನ ಮುಖ ನೋಡಿಯೇ ವಿಷಯ ಹೊರಗೆಳೆದಳು. ಎಲ್ಲ ಕೇಳಿ, “ಹಾಗಾದ್ರೆ ಇಷ್ಟು ವರ್ಷ ನೀವು ಕೇಳಿದ್ದು ಯಾರನ್ನ?” ಎಂದಳು.

“ಕರೀ ಟೇಪನ್ನ.”

ಅವಳಿಗೆ ನಗು ಬಂತು. ಅವನು ನಗಲಿಲ್ಲವೆಂದು ನಗು ನುಂಗಿಕೊಂಡಳು. ತಾನು ಹೋಗುವುದಿಲ್ಲ ಎಂದು ಅವನು ಹೇಳಿದ. ಎದುರಿಗೆ ನಿಂತು ಬಾರಿಸುವಾಗ ಯಾವ ತಂಡವಾದರೂ ರೆಕಾರ್ಡಿಗಿಂತ ಕೊಂಚ ಓಡುತ್ತದೆ, ಅದು ಅವನು ಕಂಡದ್ದೇ. ಒಂದೇಟು, ಹೆಚ್ಚೆಂದರೆ ಎರಡೇಟು. ನಾಲ್ಕು ಏಟು ಯಾರೂ ಓಡಿದ್ದಿಲ್ಲ. ಮೇಲಾಗಿ ಅವರಿಗೆಲ್ಲ ಈಗ ಅರವತ್ತರ ಹತ್ತಿರ. ಮಂಡಿ ಬಗ್ಗಿದರೆ ಹೆಚ್ಚು.

“ಅವ್ರು ಸರಿಯಾಗೇ ಬಾರಿಸ್ತಾರೆ. ನನ್ನ ಕಿವಿಗೇ ಅದು ತಪ್ಪು ಅನ್ಸುತ್ತೆ. ಎದುರಿಗೆ ನಿಂತ್ಕೊಂಡು, ಇವ್ರಲ್ಲ ನಾನು ಮೆಚ್ಚಿದವ್ರು ಅಂತ ಅಂದ್ಕೊಂಡು ಬರ್ಲಾ? ಹೋಗದೇ ಇದ್ರೆ ಕ್ಯಾಸೆಟ್ಟಾದ್ರೂ ಉಳಿಯುತ್ತೆ.”

ಹೆಂಡತಿ ಟಿಕೆಟ್ಟನ್ನು ಎತ್ತಿ ಅವನ ಕೈಗಿಟ್ಟಳು.

“ಮದುವೆಯಾದಾಗಿಂದ ಆ ಗಲಾಟೇಲೇ ಹಲ್ಲುಜ್ಜಿದೀನಿ ರೀ. ಅದು ಯಾರ ಗಲಾಟೆ ಅಂತ ನಂಗೂ ನೋಡ್ಬೇಕು. ಮಗಳ ಟಿಕೆಟ್ಟಲ್ಲಿ ನಾನು ಬರ್ತೀನಿ, ನಡೀರಿ.”

ಮಗಳು ಖುಷಿಯಿಂದಲೇ ಟಿಕೆಟ್ಟು ಬಿಟ್ಟುಕೊಟ್ಟಳು.

ಕಾರ್ಯಕ್ರಮ ಮಧ್ಯಾಹ್ನ ಮೂರು ಗಂಟೆಗೆ, ನಾಲ್ಕು ತಾಸಿನ ಬಸ್ಸು ದಾರಿಯಾಚೆ, ಬಿತ್ತನೆ ಬೀಜ ತುಂಬುತ್ತಿದ್ದ ಹಳೆಯ ಗೋದಾಮಿನಲ್ಲಿ. ಒಂದು ಮಗ್ಗುಲಿಗೆ ಬಾಣಲೆಯಂತೆ ಬಾಗಿಸಿದ ಮರದ ಇಳಿಜಾರು ಕಟ್ಟಿದ್ದರು. ಬೋಳುತಲೆಯವರು, ನರೆತವರು, ಮಂಡಿಗೆ ಪಟ್ಟಿ ಬಿಗಿದವರು ಹಲಗೆ ಹತ್ತಿ ಒಬ್ಬರ ಹಿಂದೊಬ್ಬರು ಜಾರುತ್ತಿದ್ದರು. ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡು, ಇವರ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಕೇಳಿದಳು.

ಆ ನಾಲ್ವರು ವೇದಿಕೆಗೆ ಬಂದರು. ಮೆಕ್ಯಾನಿಕ್ಕಿಗೆ ಕಣ್ಣು ಕೀಳಲಾಗಲಿಲ್ಲ. ಹಾಡುಗಾರ ಹಣೆಯ ಮೇಲೆ ಓದುವ ಕನ್ನಡಕ ಏರಿಸಿಕೊಂಡಿದ್ದ. ಡ್ರಮ್ಮಿನವನಿಗೆ ಬೆಳ್ಳಗಿನ ಗಡ್ಡ, ಎಡ ಮಣಿಕಟ್ಟಿಗೆ ಬ್ಯಾಂಡೇಜು. ಸ್ಟೂಲನ್ನು ಎರಡು ಸಲ ಎತ್ತರಿಸಿ ತಗ್ಗಿಸಿ, ಸೊಂಟ ಹಿಡಿದುಕೊಂಡು ಕುಳಿತ. ಹಾಲು ಹಾಕಲು ಕೇಂದ್ರದ ಮುಂದೆ ಸಾಲು ನಿಂತಿದ್ದರೆ ಯಾರೂ ತಿರುಗಿ ನೋಡದಂಥ ಮನುಷ್ಯರು. ಮೆಕ್ಯಾನಿಕ್ಕು ಗಡಿಯಾರದ ಕೈಯನ್ನು ಮುಂದೆ ಮಾಡಿದ, ಬೇಡವೆಂದು ಜೇಬಿಗೆ ಹಾಕಿದ, ಮತ್ತೆ ಹೊರತೆಗೆದ.

ಡ್ರಮ್ಮಿನವನು ಕೋಲುಗಳನ್ನೆತ್ತಿ ಒಂದಕ್ಕೊಂದು ನಾಲ್ಕು ಸಲ ತಟ್ಟಿದ.

ಹಾಡು ಬಂದು ಎದೆಗೆ ಬಡಿಯಿತು. ದನಿ ದಪ್ಪವಾಗಿತ್ತು, ಒಡೆದಿತ್ತು, ಕ್ಯಾಸೆಟ್ಟಿನ ಚೂಪು ದನಿಯ ಹುಡುಗ ಅಲ್ಲಿರಲಿಲ್ಲ. ಆದರೆ ಓಟ! ಹೆಬ್ಬೆರಳು ತನ್ನಷ್ಟಕ್ಕೆ ಬಡಿಯುತ್ತಿತ್ತು. ಐವತ್ತೆರಡು. ಅವನು ಮತ್ತೆ ಎಣಿಸಿದ. ಐವತ್ತಮೂರು. ಮತ್ತೆ ಐವತ್ತಮೂರು.

ಹೆಂಡತಿ ಅವನ ತೋಳು ಹಿಡಿದು ಕಿವಿಯ ಹತ್ತಿರ ಬಾಯಿ ತಂದಳು. “ರೀ, ಇದು ನಮ್ಮನೇದೇ.”

ಮೂರು ಹಾಡು ಕಳೆದು, ನಾಲ್ವರೂ ಬೆವರು ಒರೆಸಿಕೊಳ್ಳಲು ನಿಂತಾಗ, ಅವನು ಪಕ್ಕದಲ್ಲಿದ್ದ ಹೆಂಗಸನ್ನು ಮಾತಿಗೆಳೆದ. ಕೊಳಾಯಿ ಕೆಲಸದ ನೀಲಿ ಅಂಗಿ ತೊಟ್ಟಿದ್ದ ಆಕೆ ಚಿಕ್ಕಂದಿನಲ್ಲಿ ಇವರನ್ನು ಹತ್ತಾರು ಸಲ ನೋಡಿದ್ದಳಂತೆ. ರೆಕಾರ್ಡಿಗಿಂತ ಇಷ್ಟು ಜೋರಾಗಿ ಹೊಡೆಯುತ್ತಾರಲ್ಲ ಎಂದು ಇವನು ಅಂದದ್ದಕ್ಕೆ ಆಕೆ ಕೈ ಬೀಸಿದಳು.

“ರೆಕಾರ್ಡು ಬಿಡಿ. ಸ್ಟುಡಿಯೋದವನು ಹೆದ್ರಿ ಲಗಾಮು ಹಾಕಿದ್ದ. ಎದುರಿಗೆ ನಿಂತ್ರೆ ಇವ್ರು ಯಾವತ್ತೂ ಹೀಗೇ.”

ಯಾವತ್ತೂ ಹೀಗೇ. ಅಟ್ಟದ ಹುಲ್ಲಿನ ಮೇಲೆ ಹುಡುಗನೊಬ್ಬ ಎದ್ದು ನಿಂತಿದ್ದಾಗಲೂ ಎಲ್ಲೋ ಒಂದು ಊರಿನಲ್ಲಿ ಇವರು ಇದೇ ಓಟ ಓಡುತ್ತಿದ್ದರು. ಸ್ಟುಡಿಯೋದವನು ಕದ್ದ ನಾಲ್ಕು ಏಟನ್ನು, ಏನೂ ಅರಿಯದ ಚಿಕ್ಕಪ್ಪ ಕರೀ ಟೇಪು ಸುತ್ತಿ ವಾಪಸು ಕೊಟ್ಟಿದ್ದ. ಮೆಕ್ಯಾನಿಕ್ಕು ಅದನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುತ್ತಿದ್ದಂತೆ ಕೊನೆಯ ಹಾಡು ಶುರುವಾಯಿತು.

ಎರಡನೇ ಚರಣಕ್ಕೆ ಬಂದಾಗ ಡ್ರಮ್ಮಿನವನು ತಲೆ ಎತ್ತಿ ಉಳಿದ ಮೂವರನ್ನು ನೋಡಿದ, ಮೂವರೂ ಅವನನ್ನು ನೋಡಿದರು. ಆಮೇಲೆ ಅವರು ಕ್ಯಾಸೆಟ್ಟನ್ನೂ ಹಿಂದೆ ಹಾಕಿ ಹೊರಟರು. ಐವತ್ತೈದು ಇರಬೇಕು, ಐವತ್ತಾರೇ ಇರಬೇಕು. ಬ್ಯಾಂಡೇಜಿನ ಕೈ ಕಾಣದಷ್ಟು ಬೀಸಾಗಿ ಬಡಿಯುತ್ತಿತ್ತು. ಬಾಣಲೆಯಲ್ಲಿ ಜಾರುತ್ತಿದ್ದವರು ಹಲಗೆ ಕಂಕುಳಲ್ಲಿಟ್ಟುಕೊಂಡು ನಿಂತುಬಿಟ್ಟರು. ಇದಕ್ಕಿಂತ ಮುಂದೆ ಏನೂ ಇಲ್ಲವೆಂದು ಮೂವತ್ತೆರಡು ವರ್ಷ ನಂಬಿದ್ದವನ ಎದುರಿಗೆ ಅರವತ್ತರ ಹತ್ತಿರದ ನಾಲ್ವರು ಅದರ ಮುಂದಕ್ಕೆ ಹೋಗುತ್ತಿದ್ದರು, ಒಟ್ಟಿಗೆ, ಒಬ್ಬನೂ ಎಡವದೆ.

“ಎಷ್ಟು ರೀ?” ಹೆಂಡತಿ ಕೂಗಿ ಕೇಳಿದಳು.

“ಗೊತ್ತಾಗ್ಲಿಲ್ಲ,” ಎಂದ ಅವನು. ಹೆಬ್ಬೆರಳು ಯಾವಾಗಲೋ ನಿಂತುಹೋಗಿತ್ತು.