ತಲೆಯಾಡಿಸುವ ತನಕ

ಕನಕರಾಜು ಗೂಡ್ಸ್ ಆಟೋದ ಮೇಲೆ ಸ್ಪೀಕರ್ ಇಟ್ಟು ಹಗ್ಗ ಬಿಗಿಯುತ್ತಿದ್ದಾಗ ಸೋಮಮ್ಮ ಬಂದು, ಸೆರಗಿನ ಗಂಟು ಬಿಚ್ಚಿ, ಕ್ಯಾಸೆಟ್ಟೊಂದನ್ನು ಅವನ ಕೈಗಿಟ್ಟಳು.

"ಭಜನೆ ಕ್ಯಾಸೆಟ್ಟು ನನ್ತಾವೇ ಅದೆ ಕಣ್ ಚಿಕ್ಕವ್ವ."

"ಅದು ಬ್ಯಾಡ ಮಗ. ಇದ ಆಕು. ನಿಮ್ ಚಿಕ್ಕಪ್ಪಂದು."

ಜಗಲಿಯ ಮೇಲೆ ಅವಳ ಗಂಡ ಟೈಲರ್ ನಂಜುಂಡಪ್ಪ ಹಣೆ ತುಂಬ ವಿಭೂತಿ ಬಳಿಸಿಕೊಂಡು, ಗೋಡೆಗೊರಗಿ ಕಣ್ಣು ಮುಚ್ಚಿ ಕೂತಿದ್ದ. ಅವನು ಹೊಲಿದ ಅಂಗಿಗಳನ್ನೇ ತೊಟ್ಟುಕೊಂಡು ಬೇಗೂರಿನ ಅರ್ಧ ಜನ ಕೊನೆಯ ಸಲ ನೋಡಲು ಬಂದಿದ್ದರು.

ಹೆಣ ಕೂರಿಸುವ ಕುರ್ಜಿಗೆ ಬಾಳೆಕಂದು ಕಟ್ಟುತ್ತಿದ್ದ ಅವನ ಅಣ್ಣ ಸಿದ್ದಮಲ್ಲಪ್ಪ ಕತ್ತೆತ್ತಿದ. "ಆ ಅಳೋ ಗಿಟಾರ್ ಮಿಷನ್ದಾ? ಅಂಗಾರೆ ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ನಲ್ಲ ಸೋಕದ ಪದ, ಅದ ಆಕ್ಸವ್ವ. ನಾಕು ಜನ ಅತ್ಕತರೆ."

"ಅಳ್ಸಕ್ಕಲ್ಲ ಭಾವ ಅವ್ರು ಅದ ಕಟ್ಟಿದ್ದು."

ಹೇಳಿದ್ದೇನೋ ಗಟ್ಟಿಯಾಗಿಯೇ. ಆದರೆ ಗಂಡ ಇನ್ನೂ ಒಪ್ಪದ ರೆಕಾರ್ಡಿಂಗ್ ಅದು.

*

ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ನಂಜುಂಡಪ್ಪನ ಗಿಟಾರಿಗೆ ಕೆಲಸ ಬೀಳುತ್ತಿದ್ದುದು ಯಾರಾದರೂ ಅಳುವ ಹಾಡಿಗೆ ಮಾತ್ರ. ಒಮ್ಮೆ ಬಂಡೀಪುರದ ಕಡೆಯ ಹೋಟೆಲಿಗೆ ಪರದೆ ಹೊಲಿಯಲು ಹೋದವನು ಅಲ್ಲಿ ಸ್ಮೂತ್ ಜಾಜ್ ಅನ್ನುವ ವಿದೇಶಿ ಸಂಗೀತವನ್ನು ಕೇಳಿಕೊಂಡು ಬಂದ. "ಉಂಡು ಜಗಲಿ ಮೇಲೆ ಕೂತು ಮಾತಾಡ್ದಂಗದೆ ಕಣಮ್ಮಿ. ಯಾರ್ಗೂ ಆತ್ರ ಇಲ್ಲ."

ಆಮೇಲೆ ಹಳೆಯ ಹೊಲಿಗೆ ಮಿಷನ್ನಿನ ಸ್ಟ್ಯಾಂಡಿಗೆ ಹೊನ್ನೆ ಹಲಗೆ ಕೂರಿಸಿ ಗಿಟಾರಿನ ತಂತಿ ಬಿಗಿದ. ಕಾಲಡಿಯ ಪೆಡಲುಗಳಿಂದ ತಂತಿಗಳಿಗೆ ಸೈಕಲ್ಲಿನ ಬ್ರೇಕ್ ವೈರು ಎಳೆದ. ಮೆಟ್ಟಿದರೆ ತಂತಿ ಬಿಗಿದು ಸ್ವರ ಏರುತ್ತಿತ್ತು. ಎಡಗೈಲಿದ್ದ ಉಕ್ಕಿನ ಸರಳು ತಂತಿಗಳ ಮೇಲೆ, ಇಸ್ತ್ರಿಪೆಟ್ಟಿಗೆ ರೇಷ್ಮೆಯ ಮೇಲೆ ಹೋದ ಹಾಗೆ ಹೋಗುತ್ತಿತ್ತು.

ಭಾನುವಾರ ಅಂಗಡಿ ಮುಚ್ಚಿ ರೆಕಾರ್ಡಿಂಗ್. ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತುವ ಕೆಲಸ ಸೋಮಮ್ಮನದು. ನುಡಿಸಿದ್ದನ್ನು ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಸರಿಬಂದರೆ ನಿಧಾನಕ್ಕೆ ಎರಡು ಸಲ ತಲೆಯಾಡಿಸುತ್ತಿದ್ದ. ಕೂಡಲೇ ಅವಳು ಸೆರಗಿನ ಪಿನ್ನು ತೆಗೆದು ಕ್ಯಾಸೆಟ್ಟಿನ ಬೆನ್ನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿಯುತ್ತಿದ್ದಳು. ಮುರಿದ ಮೇಲೆ ಅದರ ಮೇಲೆ ಬೇರೇನೂ ತುಂಬಿಸಲು ಬರುವುದಿಲ್ಲ.

ಸರಿಬರದಿದ್ದರೆ, "ಬಿಚ್ಚು. ಮತ್ತೆ ಹೊಲಿಯನ."

ಈ ಕೊನೆಯ ಕ್ಯಾಸೆಟ್ಟಿನದನ್ನು ಹಾಗೆ ಬಿಚ್ಚಿ, ಅಳಿಸಿ, ಮತ್ತೆ ನುಡಿಸಿದ್ದಕ್ಕೆ ಲೆಕ್ಕವೇ ಇಲ್ಲ.

"ನಂಗೇನೋ ಸರಿಯಾಗದೆ ಅನ್ಸ್ತದೆ," ಅಂದಿದ್ದಳು.

"ನಾ ಹೊಲ್ದ ರವಿಕೆ ಬಿಗಿಯಾದ್ರೂ ಸರಿಯಾಗದೆ ಅಂತೀಯ ನೀನು," ಎಂದು ನಕ್ಕಿದ್ದ. "ನಾ ತಲೆ ಆಡ್ಸೋಗಂಟ ಇದ ಯಾರ್ಗೂ ಕೇಳುಸ್ಬ್ಯಾಡ."

*

ಆಟೋ ಮುಂದೆ, ಕುರ್ಜು ಹಿಂದೆ. ಸ್ಪೀಕರಿನಿಂದ ಮೊದಲ ಸ್ವರ ಜಾರಿ ಬಂದಾಗ ಹೆಂಗಸರು ಅಳಲು ಸೆರಗು ಬಾಯಿಗಿಟ್ಟುಕೊಂಡರು. ಅಳು ಬರಲಿಲ್ಲ. ಕುರ್ಜು ಹೊತ್ತವರ ಹೆಜ್ಜೆಗಳು ತಮ್ಮಷ್ಟಕ್ಕೆ ಒಂದೇ ಲಯಕ್ಕೆ ಬಂದವು.

ಮುಂದಿನ ಬೊಂಬು ಹೊತ್ತಿದ್ದ ಸಿದ್ದಮಲ್ಲಪ್ಪ ಮಗನಿಗೆ ಕೂಗಿ ಹೇಳಿದ: "ಕನಕ, ಇದೇನ್ಲಾ, ಕಾಲು ತಾನಾಗೇ ಓಯ್ತದೆ?"

"ಚಿಕ್ಕಪ್ಪನ ಮಿಷನ್ ಕಣಪ್ಪೋ. ನೀನೇ ಅಳೋದು ಅಂತಿದ್ದೆ."

"ವಸಿ ಸೌಂಡ್ ಕೊಡ್ಲಾ ಮತ್ತೆ."

ಸೋಮಮ್ಮನಿಗೆ ಇದ್ಯಾವುದೂ ಕೇಳಲಿಲ್ಲ. ಅವಳು ಪ್ರತಿಸಲ ಗಂಡ 'ಬಿಚ್ಚು' ಅನ್ನುತ್ತಿದ್ದ ಜಾಗಕ್ಕೆ ಕಾಯುತ್ತ ಅವನ ಮುಖವನ್ನೇ ನೋಡುತ್ತಿದ್ದಳು. ಊಟಿ ರಸ್ತೆಗೆ ತಿರುಗುವಲ್ಲಿ ಆ ಜಾಗ ಬಂತು. ಸ್ವರ ಏರಿ, ತುಸು ನಿಂತು, ಇಳಿಯಿತು. ಹೊತ್ತವರೆಲ್ಲ ಅದರ ಜೊತೆಗೇ ತೂಗಿದರು.

ಹೂವಿನ ನಡುವೆ ಕಣ್ಣು ಮುಚ್ಚಿ ಕೂತಿದ್ದ ನಂಜುಂಡಪ್ಪನ ತಲೆ ಮೆಲ್ಲಗೆ ಬಾಗಿ ಎದ್ದಿತು. ಇನ್ನೊಮ್ಮೆ ಬಾಗಿ ಎದ್ದಿತು.

ಮಣ್ಣು ಕೊಟ್ಟು ಬಂದಮೇಲೆ ಕನಕರಾಜು ಕ್ಯಾಸೆಟ್ ವಾಪಸು ಕೊಟ್ಟ. ಸೋಮಮ್ಮ ರಸ್ತೆಬದಿಯಲ್ಲೇ ನಿಂತು, ಸೆರಗಿನ ಪಿನ್ನು ತೆಗೆದು, ಕ್ಯಾಸೆಟ್ಟಿನ ಬೆನ್ನಿನ ಚೂರನ್ನು ಲಟಕ್ಕನೆ ಮುರಿದಳು.